ಸ್ಯಾನ್ ಫ್ರಾನ್ಸಿಸ್ಕೋದ ಬಾಕ್ಸಿಂಗ್ ಊರಿನ ಗಡಿ ದಾಟಿ ಕೋಲ್ಮಾಗೆ ಹೋಗಿದ್ದು ಯಾಕೆ?

ಡೇಲಿಸಿಟಿ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಡೇಲಿ ಸಿಟಿಗೆ ಬಂದು 6 ವರ್ಷ ಆಯ್ತು. ಮಿಷನ್ ಸ್ಟ್ರೀಟಿನ ತುದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಗಿಯುತ್ತದೆ, ಸ್ಯಾನ್ ಮಟೇಯೋ ಕೌಂಟಿ (ನಮ್ಮ ಜಿಲ್ಲೆಯ ಥರ) ಶುರುವಾಗುತ್ತದೆ. ಅಲ್ಲಿಗೆ ಪ್ರತಿ ವಾರ ತರಕಾರಿ ತರಲು ಹೋಗುತ್ತೇನೆ. ಮೊನ್ನೆ ಒಂದು ಹಳೆಯ ಮೂಕಿ ಚಿತ್ರದ ತುಣುಕು ನೋಡಿದೆ. ಬಯಲಲ್ಲಿ ಮರದ ಗ್ಯಾಲರಿ, ಟೋಪಿ ಹಾಕಿದ ಸಾವಿರಾರು ಗಂಡಸರು, ನಡುವೆ ಇಬ್ಬರು ಹೊಡೆದಾಡುತ್ತಿದ್ದಾರೆ. ಜ್ಯಾಕ್ ಜಾನ್ಸನ್ ಮತ್ತು ಸ್ಟ್ಯಾನ್ಲಿ ಕೆಚೆಲ್. 1909ರ ಅಕ್ಟೋಬರ್ 16, ಹೆವಿವೇಟ್ ವಿಶ್ವ ಪಟ್ಟಕ್ಕಾಗಿ. ಜಾಗ ಯಾವುದು ಅಂತ ಹುಡುಕಿದರೆ ಕೋಲ್ಮಾ ಎಂದು ಬಂತು. ಇನ್ನೂ ಹುಡುಕಿದರೆ ಅದು ನಮ್ಮ ಮಿಷನ್ ಸ್ಟ್ರೀಟಿನ ಗಡಿಯ ಬಳಿಯೇ!

ಅವತ್ತಿನಿಂದ ತಲೆಯಲ್ಲಿ ಇದೇ ಓಡುತ್ತಿದೆ. ಅಷ್ಟು ದೊಡ್ಡ ಊರು ಪಕ್ಕದಲ್ಲೇ ಇತ್ತು. ಜನ, ದುಡ್ಡು, ಪತ್ರಿಕೆ ಎಲ್ಲಾ ಅಲ್ಲೇ ಇದ್ದವು. ಹಾಗಿದ್ದೂ ಕಣವನ್ನು ಗಡಿಯಿಂದ ಆಚೆ ಯಾಕೆ ಕಟ್ಟಿದರು? ಆಮೇಲೆ ಅದೆಲ್ಲಾ ಎಲ್ಲಿಗೆ ಹೋಯಿತು? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಳೇಪತ್ರಿಕೆ

ಒಳ್ಳೆಯ ಪ್ರಶ್ನೆ ಸರ್. ನಿಮ್ಮ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡಬೇಕೆಂದರೆ ಪರ್ಮಿಟ್.

ಆ ಕಾಲದ ಕ್ಯಾಲಿಫೋರ್ನಿಯಾದಲ್ಲಿ 'ಪ್ರೈಜ್ ಫೈಟ್', ಅಂದರೆ ದುಡ್ಡಿನ ಬಹುಮಾನಕ್ಕಾಗಿ ಹೊಡೆದಾಟ, ಕಾನೂನಿಗೆ ವಿರುದ್ಧ. ಆದರೆ ನೋಂದಣಿಯಾದ ಅಥ್ಲೆಟಿಕ್ ಕ್ಲಬ್ ಒಂದು ಗ್ಲೌಸ್ ಹಾಕಿಸಿ, ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಸ್ಪಾರಿಂಗ್ ಪ್ರದರ್ಶನ' ನಡೆಸಬಹುದಿತ್ತು. ಎರಡಕ್ಕೂ ಏನು ವ್ಯತ್ಯಾಸ? ಹೆಸರು ಬೇರೆ, ಹೊಡೆತ ಅದೇ. ಹಾಗಾಗಿ ದೊಡ್ಡ ಪಂದ್ಯಗಳ ಜೀವವೆಲ್ಲಾ ಊರಿನ ಸೂಪರ್‌ವೈಸರ್‌ಗಳು (ನಮ್ಮ ಕಾರ್ಪೊರೇಟರ್‌ಗಳ ಥರ) ಕೊಡುವ ಅನುಮತಿ ಪತ್ರದಲ್ಲಿತ್ತು. ಊರೊಳಗೆ ತಿಂಗಳಿಗೆ ಒಂದು ಪರ್ಮಿಟ್. ಅದಕ್ಕಾಗಿ ಕ್ಲಬ್ಬುಗಳ ನಡುವೆ ಜಗ್ಗಾಟ.

ಜೇಮ್ಸ್ ಕಾಫ್ರಾತ್ ಅಂತ ಒಬ್ಬ ಪ್ರೊಮೋಟರ್, ಅಂದರೆ ಪಂದ್ಯ ಏರ್ಪಡಿಸುವವನು, ಇದ್ದ. ಜನ ಅವನನ್ನು 'ಸನ್ನಿ ಜಿಮ್' ಎನ್ನುತ್ತಿದ್ದರು. ಗಡಿ ದಾಟಿದರೆ ಬೇರೆ ಕೌಂಟಿ, ಬೇರೆ ಅಧಿಕಾರಿಗಳು ಎಂಬುದನ್ನು ಅವನು ಚೆನ್ನಾಗಿ ಕಂಡುಕೊಂಡ. ಆಗ ಆ ಕಡೆ ಬರೀ ಹೊಲ, ಹಸುವಿನ ಕೊಟ್ಟಿಗೆ, ಸ್ಮಶಾನ. ಡೇಲಿ ಸಿಟಿ ಊರಾಗಿದ್ದೇ 1911ರಲ್ಲಿ. ಜಾನ್ ಡೇಲಿ ಎಂಬುವವನ ಡೇರಿ ಇದ್ದ ಜಾಗವದು. ಊರಿನ ಟ್ರಾಮ್ ಮಾತ್ರ ಮಿಷನ್ ಸ್ಟ್ರೀಟ್ ಹಿಡಿದು ಗಡಿಯವರೆಗೂ ಬರುತ್ತಿತ್ತು. ಜನ ಟ್ರಾಮ್ ಹತ್ತಿ ಬರಬೇಕು, ಸೂಪರ್‌ವೈಸರ್‌ಗಳ ಕೈ ಅಲ್ಲಿಗೆ ತಲುಪಬಾರದು. ಎರಡೂ ಆಗುವ ಜಾಗ ಅದೊಂದೇ.

ಪಂದ್ಯದ ದಿನಾಂಕಗಳನ್ನು ಸುಮ್ನೆ ಸಾಲಾಗಿ ಬರೆದು ನೋಡಿ. 1905ರ ಸೆಪ್ಟೆಂಬರ್ 9, ಬ್ಯಾಟ್ಲಿಂಗ್ ನೆಲ್ಸನ್ ಜಿಮ್ಮಿ ಬ್ರಿಟ್‌ನನ್ನು 18ನೇ ಸುತ್ತಿನಲ್ಲಿ ಕೆಡವಿದ್ದು. 1908ರ ಜುಲೈ 4, ಅದೇ ನೆಲ್ಸನ್ ಜೋ ಗ್ಯಾನ್ಸ್‌ನನ್ನು 17ನೇ ಸುತ್ತಿನಲ್ಲಿ ಸೋಲಿಸಿದ್ದು. 1908ರ ಸೆಪ್ಟೆಂಬರ್ 9, ಮತ್ತೆ ಗ್ಯಾನ್ಸ್, 21ನೇ ಸುತ್ತು. 1908ರ ಫೆಬ್ರವರಿ 22, ಕೆಚೆಲ್ ಮೈಕ್ ಸಲಿವನ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ್ದು. 1908ರ ನವೆಂಬರ್ 26, ಕೆಚೆಲ್ ಬಿಲ್ಲಿ ಪ್ಯಾಪ್ಕಿಯಿಂದ ಮಿಡ್ಲ್‌ವೇಟ್ ಪಟ್ಟ ವಾಪಸ್ ಪಡೆದದ್ದು. ಸೆಪ್ಟೆಂಬರ್ 9 ಕ್ಯಾಲಿಫೋರ್ನಿಯಾ ರಾಜ್ಯವಾದ ದಿನ. ಫೆಬ್ರವರಿ 22 ವಾಷಿಂಗ್ಟನ್ ಹುಟ್ಟಿದ ದಿನ. ನವೆಂಬರ್ 26 ಆ ವರ್ಷದ ಥ್ಯಾಂಕ್ಸ್‌ಗಿವಿಂಗ್. ಎಲ್ಲಾ ರಜೆಯ ದಿನ! 1909ರಲ್ಲಿ ಜುಲೈ 4 ಭಾನುವಾರ ಬಂತು. ಕೆಚೆಲ್ ಮತ್ತು ಪ್ಯಾಪ್ಕಿ ಮರುದಿನ 5ಕ್ಕೆ ಆಡಿದರು. ಜನರ ಕೈಯಲ್ಲಿ ಬಿಡುವು ಯಾವಾಗ ಇರುತ್ತದೆ ಎಂದು ಕಾಫ್ರಾತ್‌ಗೆ ಚೆನ್ನಾಗಿ ಗೊತ್ತಿತ್ತು.

ಡೇಲಿಸಿಟಿ_ಕನ್ನಡಿಗ

ಅಬ್ಬಾ, ಸರ್, ಇಷ್ಟು ಬೇಗ ಇಷ್ಟೊಂದು ಸಿಗುತ್ತೆ ಅಂದುಕೊಂಡಿರಲಿಲ್ಲ. ಒಂದು ಅನುಮಾನ. 'ಸನ್ನಿ' ಎಂಬ ಹೆಸರು ಯಾಕೆ? ಇಲ್ಲಿ ವರ್ಷದಲ್ಲಿ ಅರ್ಧ ದಿನ ಮಂಜು ಮುಸುಕಿರುತ್ತದೆ. ಬಯಲಲ್ಲಿ ಕಣ ಕಟ್ಟಲು ಇದು ಜಾಗವೇ ಅಲ್ಲ ಅನ್ನಿಸುತ್ತದೆ.

ಹಳೇಪತ್ರಿಕೆ

ಅದಕ್ಕೇ ಆ ಹೆಸರು ಬಂದದ್ದು! ಎಲ್ಲರೂ ಮಂಜು ಬರುತ್ತೆ, ಮಳೆ ಬರುತ್ತೆ ಅಂದರೂ ಅವನ ಪಂದ್ಯದ ದಿನ ಬಿಸಿಲು ಬೀಳುತ್ತಿತ್ತು ಎಂದು ಪತ್ರಿಕೆಯವರು ಇಟ್ಟ ಹೆಸರು.

ಬಿಸಿಲು ಅವನಿಗೆ ಬೇಕೂ ಇತ್ತು. ಸಿನಿಮಾ ತೆಗೆಯಬೇಕಿತ್ತಲ್ಲ. 1899ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಜೇಮ್ಸ್ ಜೆಫ್ರೀಸ್ ಮತ್ತು ಟಾಮ್ ಶಾರ್ಕಿ ಪಂದ್ಯವನ್ನು ಒಳಾಂಗಣದಲ್ಲಿ ಚಿತ್ರ ತೆಗೆದರು. ಅದಕ್ಕೆ ಸುಮಾರು 400 ಆರ್ಕ್ ದೀಪ ನೇತು ಹಾಕಬೇಕಾಯಿತು. ಕೆಳಗೆ ಆಡುವವರು ಬೆಂದುಹೋದರು. ಬಯಲಲ್ಲಿ ಮಧ್ಯಾಹ್ನ ಆಡಿಸಿದರೆ ಸೂರ್ಯನೇ ದೀಪ. ಸ್ಯಾನ್ ಫ್ರಾನ್ಸಿಸ್ಕೋದ ಮೈಲ್ಸ್ ಸಹೋದರರು ಬ್ರಿಟ್–ನೆಲ್ಸನ್ ಪಂದ್ಯವನ್ನು ಕೋಲ್ಮಾದಲ್ಲಿ ಚಿತ್ರ ತೆಗೆದರು. 1906ರ ಭೂಕಂಪಕ್ಕೆ ಕೆಲವೇ ದಿನ ಮುಂಚೆ ಮಾರ್ಕೆಟ್ ಸ್ಟ್ರೀಟಿನಲ್ಲಿ ಕೇಬಲ್ ಕಾರಿನ ಮೂತಿಗೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರ ನೀವೆಲ್ಲಾ ನೋಡಿರುತ್ತೀರಿ. ಅದೂ ಇವರದ್ದೇ.

ಗರಡಿಮನೆ

ನಾನು ಸ್ಯಾನ್ ಹೋಸೆಯಲ್ಲಿ ಇದ್ದೇನೆ. ಕಾಲೇಜಿನಲ್ಲಿ ನಾಲ್ಕು ವರ್ಷ ಬಾಕ್ಸಿಂಗ್ ಆಡಿದವನು. ಹಾಗಾಗಿ ಆಟದ ಬಗ್ಗೆ ಮಾತ್ರ ಹೇಳುತ್ತೇನೆ.

ಮೇಲೆ 17, 18, 21 ಎಂದು ಸುತ್ತುಗಳ ಲೆಕ್ಕ ಬಂತಲ್ಲ, ಅದನ್ನು ಹಾಗೇ ಓದಿಕೊಂಡು ಮುಂದೆ ಹೋಗಬೇಡಿ. ಈಗ ವಿಶ್ವ ಪಟ್ಟಕ್ಕೆ 12 ಸುತ್ತು. ಆಗ ಇಲ್ಲಿ 20, 25, ಕೆಲವಕ್ಕೆ 45 ಸುತ್ತು ನಿಗದಿ. ಸುತ್ತಿಗೆ 3 ನಿಮಿಷ, ನಡುವೆ 1 ನಿಮಿಷ ಬಿಡುವು. 45 ಸುತ್ತು ಪೂರ್ತಿ ಆಡಿದರೆ 2 ಗಂಟೆ 59 ನಿಮಿಷ. ಕೈಗೆ ತೆಳ್ಳಗಿನ ಗ್ಲೌಸ್. 1910ರ ಫೆಬ್ರವರಿ 22ರಂದು ಕೊಲ್ಲಿಯ ಆಚೆ ಪಾಯಿಂಟ್ ರಿಚ್ಮಂಡ್‌ನಲ್ಲಿ ಇದೇ ನೆಲ್ಸನ್ ಮತ್ತು ಆ್ಯಡ್ ವೋಲ್ಗಾಸ್ಟ್ 45 ಸುತ್ತಿಗೆ ಇಳಿದರು. 40ನೇ ಸುತ್ತಿನಲ್ಲಿ ರೆಫರಿ ನಿಲ್ಲಿಸಿದ. ನೆಲ್ಸನ್‌ನ ಕಣ್ಣೆರಡೂ ಊದಿ ಮುಚ್ಚಿಹೋಗಿದ್ದವು, ಆದರೂ ಅವನು ಬಿದ್ದಿರಲಿಲ್ಲ. ನಾನು ಮೂರು ಸುತ್ತು ಆಡಿ ಸ್ಟೂಲಿನ ಮೇಲೆ ಕೂತಾಗ ಕಾಲು ನಡುಗುತ್ತಿತ್ತು. 40 ಸುತ್ತು ಎಂಬುದನ್ನು ನನ್ನ ಮೈ ನಂಬುವುದೇ ಇಲ್ಲ.

ಇನ್ನು ಜಾನ್ಸನ್–ಕೆಚೆಲ್. ಕೆಚೆಲ್ ಮಿಡ್ಲ್‌ವೇಟ್ ಚಾಂಪಿಯನ್. ಜಾನ್ಸನ್ ಅವನಿಗಿಂತ ಸುಮಾರು 35 ಪೌಂಡು ಜಾಸ್ತಿ ತೂಗುತ್ತಿದ್ದ. ಚಿತ್ರದಲ್ಲಿ ನೋಡಿದರೆ ಅಣ್ಣ ತಮ್ಮನ ಜೊತೆ ಆಡುವ ಹಾಗಿದೆ. ಜಾನ್ಸನ್ ಅವನ ತೋಳು ಹಿಡಿದುಕೊಳ್ಳುತ್ತಾನೆ, ಎತ್ತಿ ಪಕ್ಕಕ್ಕೆ ಇಡುತ್ತಾನೆ. ಬೀಳಲು ಹೋದರೆ ತಾನೇ ಹಿಡಿದು ನಿಲ್ಲಿಸುತ್ತಾನೆ. 12ನೇ ಸುತ್ತಿನಲ್ಲಿ ಕೆಚೆಲ್ ಬಲಗೈ ಬೀಸಿದ. ಜಾನ್ಸನ್ ಕೆಳಗೆ! ಗ್ಯಾಲರಿ ಎದ್ದು ನಿಂತಿತು. ಜಾನ್ಸನ್ ಎದ್ದ. ಕೆಚೆಲ್ ಮುಗಿಸಿಬಿಡೋಣ ಎಂದು ಓಡಿ ಬಂದ. ಓಡಿ ಬಂದವನ ಬಾಯಿಗೇ ಏಟು ಬಿತ್ತು. ಕೆಚೆಲ್ ಅಂಗಾತ ಬಿದ್ದ, ಜಾನ್ಸನ್ ಕೂಡ ತನ್ನದೇ ರಭಸಕ್ಕೆ ಅವನ ಕಾಲ ಮೇಲೆ ಮುಗ್ಗರಿಸಿದ. ರೆಫರಿ ಜ್ಯಾಕ್ ವೆಲ್ಚ್ ಹತ್ತು ಎಣಿಸಿದ. ಕೆಚೆಲ್ ಅಲುಗಾಡಲಿಲ್ಲ. ಜಾನ್ಸನ್‌ನ ಗ್ಲೌಸಿಗೆ ಅವನ ಹಲ್ಲು ಚುಚ್ಚಿಕೊಂಡಿತ್ತು ಎನ್ನುತ್ತಾರೆ.

ಎಷ್ಟೋ ಜನ ಇದು ಮೊದಲೇ ಮಾತಾಡಿಕೊಂಡಿದ್ದ ಆಟ, ಸಿನಿಮಾ ಉದ್ದ ಆಗಲಿ ಎಂದು 20 ಸುತ್ತು ಎಳೆಯುವ ಒಪ್ಪಂದ ಇತ್ತು, ಕೆಚೆಲ್ ಮಾತು ಮುರಿದ ಎಂದು ಬರೆದಿದ್ದಾರೆ. ಮೊದಲ 11 ಸುತ್ತು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ. ಕೊನೆಯ ಹೊಡೆತ ಮಾತ್ರ ಯಾರ ಒಪ್ಪಂದವೂ ಅಲ್ಲ. ಕೆಚೆಲ್ ಒಂದು ವರ್ಷ ತುಂಬುವ ಮೊದಲೇ, 1910ರ ಅಕ್ಟೋಬರ್ 15ರಂದು ಮಿಸೌರಿಯಲ್ಲಿ ಗುಂಡೇಟಿಗೆ ಸತ್ತ. ಬರೀ 24 ವರ್ಷ.

ತುಂಗಾತೀರ

ನಾನು ಓಕ್‌ಲ್ಯಾಂಡ್‌ನಲ್ಲಿ ಇರುವುದು. ಬಾಕ್ಸಿಂಗ್ ಅಂದರೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ವ್ಯಾಟ್ ಅರ್ಪ್ ಗೊತ್ತಲ್ವಾ, ಟೂಂಬ್‌ಸ್ಟೋನ್‌ನ ಗುಂಡಿನ ಕಾಳಗದವನು? ಅವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಕ್ಸಿಂಗ್ ರೆಫರಿ ಆಗಿದ್ದ ಎಂದು ಓದಿ ಆಶ್ಚರ್ಯ ಆಯ್ತು. ಆ ಕತೆ ಯಾರಾದರೂ ಹೇಳ್ತೀರಾ?

ಹಳೇಪತ್ರಿಕೆ

ಹೌದು ಮೇಡಂ. 1896ರ ಡಿಸೆಂಬರ್ 2, ಮೆಕ್ಯಾನಿಕ್ಸ್ ಪೆವಿಲಿಯನ್. ಬಾಬ್ ಫಿಟ್ಜ್‌ಸಿಮನ್ಸ್ ಮತ್ತು ಟಾಮ್ ಶಾರ್ಕಿ. ಗೆದ್ದವನಿಗೆ 10,000 ಡಾಲರ್.

ಒಂದು ವಿಷಯ ಮೊದಲು ಹೇಳಬೇಕು. ಆಗ ಇಲ್ಲಿ ಅಂಕ ಹಾಕುವ ಜಡ್ಜ್‌ಗಳು ಇರಲಿಲ್ಲ. ರೆಫರಿ ಒಬ್ಬನೇ. ಅವನು ಯಾರ ಕೈ ಎತ್ತುತ್ತಾನೋ ಅವನೇ ಗೆದ್ದವನು. ಅದಕ್ಕೇ ರೆಫರಿ ಯಾರು ಎಂಬುದರ ಮೇಲೆ ಪಂದ್ಯಕ್ಕಿಂತ ದೊಡ್ಡ ಜಗಳ ನಡೆಯುತ್ತಿತ್ತು. ಆ ದಿನವೂ ಒಪ್ಪಂದ ಆಗದೆ, ಕೊನೆಗೆ ಕ್ಲಬ್ಬಿನವರು ಅರ್ಪ್‌ನನ್ನು ಕರೆತಂದರು. ಅವನು ಆಗ ಈ ಊರಲ್ಲಿ ಕುದುರೆ ರೇಸಿನ ಕೆಲಸದಲ್ಲಿದ್ದ. ಕೋಟು ತೆಗೆದರೆ ಸೊಂಟದಲ್ಲಿ ಪಿಸ್ತೂಲು! ಪೊಲೀಸ್ ಕ್ಯಾಪ್ಟನ್ ಮುಂದೆ ಬಂದು ಅದನ್ನು ಇಸಿದುಕೊಂಡ. ಆಮೇಲೆ ಅದಕ್ಕೆ ದಂಡವೂ ಬಿತ್ತು.

8ನೇ ಸುತ್ತಿನಲ್ಲಿ ಫಿಟ್ಜ್‌ಸಿಮನ್ಸ್ ಹೊಡೆದ. ಶಾರ್ಕಿ ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು ನೆಲಕ್ಕೆ ಉರುಳಿದ. ಅರ್ಪ್ ಅದು ಫೌಲ್ ಎಂದು ಹೇಳಿ, ಬಿದ್ದಿದ್ದ ಶಾರ್ಕಿಗೇ ಗೆಲುವು ಕೊಟ್ಟ. ಕೂತಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ಫೌಲ್ ಕಂಡೇ ಇರಲಿಲ್ಲ. ಟೂಂಬ್‌ಸ್ಟೋನ್‌ಗಿಂತ ಜಾಸ್ತಿ ಬೈಗುಳ ಅವನು ತಿಂದದ್ದು ಈ ಒಂದು ತೀರ್ಪಿಗೆ.

ಲಾಯರಮ್ಮ

ಈ ಕತೆಯ ಮುಂದಿನ ಭಾಗ ನನಗೆ ತುಂಬಾ ಇಷ್ಟ, ಹೇಳಲೇಬೇಕು. ಫಿಟ್ಜ್‌ಸಿಮನ್ಸ್ ಕಡೆಯವರು ದುಡ್ಡು ತಡೆಹಿಡಿಯಿರಿ ಎಂದು ಕೋರ್ಟಿಗೆ ಹೋದರು. ಕೋರ್ಟ್ ಏನು ಹೇಳಿತು? ಇಂಥ ಹೊಡೆದಾಟವೇ ಕಾನೂನುಬಾಹಿರ. ಕಾನೂನುಬಾಹಿರ ಒಪ್ಪಂದದ ದುಡ್ಡಿಗೆ ನ್ಯಾಯ ಕೇಳಲು ಇಲ್ಲಿಗೆ ಬರಬೇಡಿ. ಕೇಸ್ ವಜಾ.

ಅಂದರೆ ನೋಡಿ. ಸಾವಿರಾರು ಜನ ಟಿಕೆಟ್ ತೆಗೆದುಕೊಂಡು ನೋಡಿದ್ದಾರೆ. ಪೊಲೀಸರು ಒಳಗೇ ನಿಂತಿದ್ದಾರೆ. ಮರುದಿನ ಪತ್ರಿಕೆಯ ಮುಖಪುಟದ ತುಂಬಾ ಅದೇ ಸುದ್ದಿ. ಆದರೂ ಕಾನೂನಿನ ಕಣ್ಣಿಗೆ ಅದು ನಡೆದೇ ಇಲ್ಲ. ಹಳೇಪತ್ರಿಕೆ ಸರ್ ಹೇಳಿದ ಪರ್ಮಿಟ್ ಮಾತು ಇಲ್ಲಿಂದಲೇ ಅರ್ಥ ಆಗುತ್ತದೆ. ಪೂರ್ತಿ ಬೇಡ ಅನ್ನುವುದಿಲ್ಲ, ಪೂರ್ತಿ ಸರಿ ಅನ್ನುವುದೂ ಇಲ್ಲ. ಅಂಥ ಕಡೆ ಸಹಿ ಹಾಕುವವನ ಕೈಗೆ ಬೆಲೆ ಬರುತ್ತದೆ.

ಬಂತು ಕೂಡ. ಹತ್ತು ವರ್ಷ ಆದಮೇಲೆ ಮೇಯರ್ ಆಗಿದ್ದವನು ಯೂಜೀನ್ ಶ್ಮಿಟ್ಜ್. ಅವನ ಹಿಂದೆ ನಿಂತು ಊರು ನಡೆಸುತ್ತಿದ್ದವನು ಏಬ್ ರೂಫ್ ಎಂಬ ವಕೀಲ. 1906ರ ಕೊನೆಯಿಂದ ಲಂಚದ ಹಗರಣದ ವಿಚಾರಣೆ ಶುರುವಾಯಿತು. ಗ್ಯಾಸ್, ಟೆಲಿಫೋನ್, ಟ್ರಾಮ್ ಕಂಪನಿಗಳ ಲಂಚದ ಜೊತೆಗೆ 'ಫೈಟ್ ಟ್ರಸ್ಟ್' ಕೂಡ ಹೊರಗೆ ಬಂತು. ಬಾಕ್ಸಿಂಗ್ ಪರ್ಮಿಟ್ ತಮ್ಮ ಗುಂಪಿಗೇ ಸಿಗಬೇಕು ಎಂದು ಪ್ರೊಮೋಟರ್‌ಗಳು ಕೊಟ್ಟ ದುಡ್ಡಿನಲ್ಲಿ ಸೂಪರ್‌ವೈಸರ್‌ಗಳಿಗೆ ತಲಾ 500 ಡಾಲರ್ ಹಂಚಿಕೆಯಾಗಿತ್ತು. ಕಾಫ್ರಾತ್ ಹೆಸರೂ ಆ ಆರೋಪಗಳಲ್ಲಿ ಇತ್ತು. ರೂಫ್ ಜೈಲಿಗೆ ಹೋದ. ಆ ಕೇಸಿನ ಸರ್ಕಾರಿ ವಕೀಲ ಫ್ರಾನ್ಸಿಸ್ ಹೆನಿಗೆ 1908ರಲ್ಲಿ ಕೋರ್ಟಿನೊಳಗೇ ಗುಂಡು ಹೊಡೆದರು. ಬದುಕಿಕೊಂಡ. ಅವನ ಜಾಗಕ್ಕೆ ಬಂದು ಕೇಸ್ ಮುಗಿಸಿದವನು ಹೈರಮ್ ಜಾನ್ಸನ್, ಮುಂದೆ ರಾಜ್ಯದ ಗವರ್ನರ್.

ಡೇಲಿಸಿಟಿ_ಕನ್ನಡಿಗ

ಮೇಡಂ, ಇದು ನನಗೆ ಹೊಸ ವಿಷಯ. ನಾನು ಕಾಫ್ರಾತ್ ಒಬ್ಬ ಸಾಹಸಿ ವ್ಯಾಪಾರಿ ಅಂತಷ್ಟೇ ತಿಳಿದಿದ್ದೆ. ಮೆಕ್ಯಾನಿಕ್ಸ್ ಪೆವಿಲಿಯನ್ ಈಗ ಎಲ್ಲಿದೆ?

ತುಂಗಾತೀರ

ಅದನ್ನು ನಾನು ಹೇಳ್ತೀನಿ, ಇವತ್ತು ಮಧ್ಯಾಹ್ನ ಪೂರ್ತಿ ಅದನ್ನೇ ಓದಿದೆ. ಸಿಟಿ ಹಾಲ್ ಎದುರಿಗೆ ಗ್ರೋವ್ ಮತ್ತು ಲಾರ್ಕಿನ್ ಬೀದಿ ಸೇರುವ ಕಡೆ ಇತ್ತು. ಒಂದಿಡೀ ಬ್ಲಾಕ್ ತುಂಬಿದ ಮರದ ಕಟ್ಟಡ. ಜೆಫ್ರೀಸ್ 1903ರಲ್ಲಿ ಇದೇ ಊರಿನ ಮಗ ಜಿಮ್ ಕಾರ್ಬೆಟ್‌ನನ್ನು 10ನೇ ಸುತ್ತಿನಲ್ಲಿ ಸೋಲಿಸಿದ್ದು ಅಲ್ಲೇ. 1906ರ ಏಪ್ರಿಲ್ 17ರ ರಾತ್ರಿ ಅಲ್ಲಿ ಮುಖವಾಡ ಹಾಕಿಕೊಂಡು ಸ್ಕೇಟಿಂಗ್ ಮಾಡುವ ಜಾತ್ರೆ ನಡೆದಿತ್ತು. ಬೆಳಿಗ್ಗೆ 5 ಗಂಟೆ 12 ನಿಮಿಷಕ್ಕೆ ಭೂಕಂಪ. ಪಕ್ಕದ ಎಮರ್ಜೆನ್ಸಿ ಆಸ್ಪತ್ರೆ ಕುಸಿಯಿತು. ಗಾಯಗೊಂಡವರನ್ನೆಲ್ಲಾ ತಂದು ಇದೇ ಪೆವಿಲಿಯನ್ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಹತ್ತಿರ ಬಂತು. ಎಲ್ಲರನ್ನೂ ಹೊರಗೆ ಸಾಗಿಸಿದರು, ಆಮೇಲೆ ಕಟ್ಟಡ ಸುಟ್ಟು ಹೋಯಿತು. ಹಿಂದಿನ ರಾತ್ರಿ ಕುಣಿದ ನೆಲದ ಮೇಲೆ ಮರುದಿನ ಬೆಳಿಗ್ಗೆ ಗಾಯಾಳುಗಳು. ಓದುತ್ತಾ ಕಣ್ಣು ಒದ್ದೆಯಾಯಿತು.

ಆ ಜಾಗದಲ್ಲಿ 1915ರಲ್ಲಿ ಸಿವಿಕ್ ಆಡಿಟೋರಿಯಂ ಕಟ್ಟಿದರು. ಈಗ ಸಂಗೀತ ಕಛೇರಿಗಳಿಗೆ ಹೋಗುತ್ತೇವಲ್ಲ, ಬಿಲ್ ಗ್ರಹಾಂ ಆಡಿಟೋರಿಯಂ, ಅದೇ.

ಕರಿಹಲಗೆ

ಚರ್ಚೆ ಚೆನ್ನಾಗಿ ಸಾಗುತ್ತಿದೆ. ಆದರೆ ಒಂದು ಮಾತು ಯಾರೂ ಎತ್ತಿಲ್ಲ. ಈ ಊರಿನ ಬಾಕ್ಸಿಂಗ್ ಕತೆಯಲ್ಲಿ ಬಣ್ಣದ ಗೆರೆ ಕೌಂಟಿ ಗೆರೆಗಿಂತ ದಪ್ಪಗಿತ್ತು.

ಪೀಟರ್ ಜ್ಯಾಕ್ಸನ್‌ನಿಂದ ಶುರು ಮಾಡೋಣ. ಕಪ್ಪು ಬಾಕ್ಸರ್, ಆಸ್ಟ್ರೇಲಿಯಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವನು. ಚಾಂಪಿಯನ್ ಜಾನ್ ಸಲಿವನ್ ಅವನ ಜೊತೆ ಆಡಲು ಒಪ್ಪಲೇ ಇಲ್ಲ, ಕಪ್ಪು ಜನರ ಜೊತೆ ಆಡಲ್ಲ ಎಂದು ನೇರವಾಗಿ ಹೇಳಿದ. 1891ರ ಮೇ 21ರಂದು ಇಲ್ಲಿನ ಕ್ಯಾಲಿಫೋರ್ನಿಯಾ ಅಥ್ಲೆಟಿಕ್ ಕ್ಲಬ್ಬಿನಲ್ಲಿ ಜಿಮ್ ಕಾರ್ಬೆಟ್ ಅವನೆದುರು ಇಳಿದ. 61 ಸುತ್ತು! ಕೊನೆಗೆ ಇಬ್ಬರಿಗೂ ಕೈ ಎತ್ತಲು ಆಗದೆ ಪಂದ್ಯ ನಿಲ್ಲಿಸಿದರು, ಗೆಲುವು ಯಾರಿಗೂ ಇಲ್ಲ. ಆ ಹೆಸರಿನ ಬಲದಿಂದ ಕಾರ್ಬೆಟ್‌ಗೆ ಮರುವರ್ಷ ನ್ಯೂ ಆರ್ಲಿಯನ್ಸ್‌ನಲ್ಲಿ ಸಲಿವನ್ ಎದುರು ಅವಕಾಶ ಸಿಕ್ಕಿತು, ಗೆದ್ದು ಚಾಂಪಿಯನ್ ಆದ. ಜ್ಯಾಕ್ಸನ್‌ಗೆ ಅಂಥ ಅವಕಾಶ ಸಾಯುವವರೆಗೂ ಸಿಗಲಿಲ್ಲ.

ಇನ್ನೊಂದು ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. 1905ರ ಮಾರ್ಚ್ 28. ಇದೇ ಊರಲ್ಲಿ ಕಪ್ಪು ಬಾಕ್ಸರ್ ಜ್ಯಾಕ್ ಜಾನ್ಸನ್ ಮತ್ತು ಬಿಳಿಯ ಮಾರ್ವಿನ್ ಹಾರ್ಟ್, 20 ಸುತ್ತು. ಜಾನ್ಸನ್ ನಿಂತಲ್ಲೇ ತಪ್ಪಿಸಿಕೊಂಡು ಹೊಡೆಯುವ ಆಟಗಾರ. ಹಾರ್ಟ್ ಬರೀ ಮುನ್ನುಗ್ಗುವವನು. ರೆಫರಿ ಅಲೆಕ್ಸ್ ಗ್ರೆಗೆನ್ಸ್ ಮುನ್ನುಗ್ಗಿದವನ ಕೈ ಎತ್ತಿದ. ಮೇಲೆ ಹೇಳಿದರಲ್ಲ, ರೆಫರಿ ಒಬ್ಬನೇ ಎಂದು. ಆ ಒಂದು ಕೈ ಎತ್ತಿದ್ದರ ಫಲ ನೋಡಿ. ಎರಡು ತಿಂಗಳಲ್ಲಿ ಜೆಫ್ರೀಸ್ ನಿವೃತ್ತಿ ಹೇಳಿದ. ಖಾಲಿಯಾದ ಪಟ್ಟಕ್ಕೆ ಜುಲೈ 3ರಂದು ರೀನೋದಲ್ಲಿ ಆಡಿದವನು ಹಾರ್ಟ್. ಜ್ಯಾಕ್ ರೂಟ್‌ನನ್ನು ಸೋಲಿಸಿ ಚಾಂಪಿಯನ್ ಆದ. ಜಾನ್ಸನ್‌ಗೆ ಪಟ್ಟ ಸಿಕ್ಕಿದ್ದು 1908ರ ಡಿಸೆಂಬರ್ 26ರಂದು, ಅದೂ ಸಿಡ್ನಿಯಲ್ಲಿ. ಅಮೆರಿಕದವನಿಗೆ ಅಮೆರಿಕದಲ್ಲಿ ಆ ಅವಕಾಶ ಯಾರೂ ಕೊಡಲಿಲ್ಲ.

ಇನ್ನೊಬ್ಬ ಕಪ್ಪು ಬಾಕ್ಸರ್ ಜೋ ಗ್ಯಾನ್ಸ್ ಕೋಲ್ಮಾದಲ್ಲಿ ನೆಲ್ಸನ್‌ಗೆ ಎರಡು ಸಲ ಸೋತ ಎಂದು ಮೇಲೆ ದಿನಾಂಕ ಕೊಟ್ಟಿದ್ದೀರಿ. ಆ ಹೊತ್ತಿಗೆ ಅವನನ್ನು ಕ್ಷಯ ತಿನ್ನುತ್ತಿತ್ತು. 1910ರ ಆಗಸ್ಟಿನಲ್ಲಿ 35ನೇ ವಯಸ್ಸಿಗೆ ತೀರಿಕೊಂಡ. ಅವನಷ್ಟು ಸೊಗಸಾಗಿ ಆಡಿದ ಲೈಟ್‌ವೇಟ್ ಇಲ್ಲ ಎಂದು ಬಾಕ್ಸಿಂಗ್ ಬಲ್ಲವರು ಇವತ್ತಿಗೂ ಹೇಳುತ್ತಾರೆ.

ಹಳೇಪತ್ರಿಕೆ

ಕರಿಹಲಗೆ ಸರ್, ನೀವು ಹೇಳಿದ್ದು ಪೂರ್ತಿ ಸರಿ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಇದೇ ಕೋಲ್ಮಾ ಕಣದಲ್ಲಿ ಕಾಫ್ರಾತ್ ಗ್ಯಾನ್ಸ್‌ನನ್ನು, ಜಾನ್ಸನ್‌ನನ್ನು ಬಿಳಿಯರ ಎದುರು ಪಟ್ಟಕ್ಕಾಗಿ ಆಡಿಸಿದ. ಆಗ ದೇಶದ ಎಷ್ಟೋ ಊರುಗಳಲ್ಲಿ ಅದನ್ನು ಯೋಚಿಸಲೂ ಆಗುತ್ತಿರಲಿಲ್ಲ.

ಕರಿಹಲಗೆ

ಒಪ್ಪುತ್ತೇನೆ ಸರ್, ಆಡಿಸಿದ. ಆದರೆ ಟಿಕೆಟ್ ಮಾರಾಟ ಆದದ್ದು ಯಾಕೆ? ಕಪ್ಪು ಚಾಂಪಿಯನ್ ಬೀಳುವುದನ್ನು ನೋಡಲು ಜನ ಬಂದರು. ಕೆಚೆಲ್ ಹೊಡೆತಕ್ಕೆ ಗ್ಯಾಲರಿ ಎದ್ದು ನಿಂತದ್ದೂ ಅದಕ್ಕೇ. ದುಡ್ಡಿಗಾಗಿ ತೆರೆದ ಬಾಗಿಲನ್ನು ನಾನು ಔದಾರ್ಯ ಎನ್ನಲಾರೆ. ಬಾಗಿಲು ತೆರೆದದ್ದರಿಂದ ಜಾನ್ಸನ್‌ಗೆ ಒಳಗೆ ಬರಲು ಆಯ್ತು, ಅದೂ ನಿಜ.

ಗರಡಿಮನೆ

ಇಬ್ಬರೂ ಹೇಳಿದ್ದು ಸರಿ ಅನ್ನಿಸುತ್ತದೆ. ಮುಂದಿನ ವರ್ಷ ಏನಾಯಿತು ಎಂಬುದನ್ನೂ ಹೇಳಿ. ಜಾನ್ಸನ್–ಜೆಫ್ರೀಸ್ ಪಂದ್ಯ ಮೊದಲು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಆಗಬೇಕಿತ್ತಲ್ವಾ?

ಲಾಯರಮ್ಮ

ಹೌದು. 1910ರ ಜುಲೈ 4 ಎಂದು ಗೊತ್ತಾಗಿತ್ತು. ಪ್ರೊಮೋಟರ್ ಟೆಕ್ಸ್ ರಿಕಾರ್ಡ್, ಬಹುಮಾನ 1,01,000 ಡಾಲರ್. ಜಾನ್ಸನ್ ಓಷನ್ ಬೀಚ್ ಹತ್ತಿರ ತಾಲೀಮು ಮಾಡುತ್ತಿದ್ದ. ನಿವೃತ್ತಿ ಬಿಟ್ಟು ಮರಳಿದ್ದ ಜೆಫ್ರೀಸ್ ಸಾಂಟಾ ಕ್ರೂಜ್ ಬೆಟ್ಟದ ಕಡೆ ಇದ್ದ. ಜೂನ್ ಮಧ್ಯದಲ್ಲಿ, ಪಂದ್ಯಕ್ಕೆ ಮೂರು ವಾರವೂ ಇಲ್ಲದಿರುವಾಗ ಗವರ್ನರ್ ಜೇಮ್ಸ್ ಗಿಲೆಟ್ ನಡೆಸಲು ಬಿಡಲ್ಲ ಎಂದುಬಿಟ್ಟ.

ಚರ್ಚುಗಳ ಒತ್ತಡ ಇತ್ತು. ಅದಕ್ಕಿಂತ ದೊಡ್ಡದು 1915ರ ಪನಾಮಾ ಕಾಲುವೆ ವಸ್ತುಪ್ರದರ್ಶನ. ಅದನ್ನು ತಮ್ಮ ಊರಿಗೆ ತರಲು ಸ್ಯಾನ್ ಫ್ರಾನ್ಸಿಸ್ಕೋದ ವರ್ತಕರು ವಾಷಿಂಗ್ಟನ್‌ನಲ್ಲಿ ಒದ್ದಾಡುತ್ತಿದ್ದರು. ಈ ಹೊಡೆದಾಟ ನಡೆದರೆ ನಿಮಗೆ ಕಷ್ಟ ಆಗುತ್ತದೆ ಎಂದು ಅಲ್ಲಿಂದ ಮಾತು ಬಂತು. ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡಿದ್ದ ಕಾನೂನಿಗೆ ಆಗ ದಿಢೀರ್ ಕಣ್ಣು ಬಂತು. ರಿಕಾರ್ಡ್ ಎಲ್ಲವನ್ನೂ ಕಟ್ಟಿಕೊಂಡು ನೆವಾಡಾದ ರೀನೋಗೆ ಹೋದ. ಜಾನ್ಸನ್ 15ನೇ ಸುತ್ತಿನಲ್ಲಿ ಗೆದ್ದ. ಆ ರಾತ್ರಿ ದೇಶದ ಹಲವು ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು, ಜೀವಗಳು ಹೋದವು. ಆ ಪಂದ್ಯದ ಚಿತ್ರವನ್ನು ಊರೂರು ನಿಷೇಧಿಸಿದವು. 1912ರಲ್ಲಿ ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದು ಎಂಬ ಕಾನೂನನ್ನೇ ಅಮೆರಿಕದ ಸಂಸತ್ತು ತಂದಿತು.

ಇಲ್ಲಿ ಕಾಫ್ರಾತ್ ವ್ಯಾಪಾರಕ್ಕೆ ಎರಡು ಏಟು. ಒಂದು, ಪಂದ್ಯ ಯಾವಾಗ ಬೇಕಾದರೂ ನಿಲ್ಲಬಹುದು. ಎರಡು, ಸಿನಿಮಾ ದುಡ್ಡು ಹೋಯಿತು.

ಬೆಣ್ಣೆದೋಸೆ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಆ ಊರಿನ ಹುಡುಗರೇ ಯಾರಾದರೂ ಚಾಂಪಿಯನ್ ಆದರಾ? ಅಥವಾ ಬರೀ ಹೊರಗಿನವರು ಬಂದು ಆಡಿ ಹೋಗುತ್ತಿದ್ದರಾ?

ಗರಡಿಮನೆ

ತುಂಬಾ ಜನ ಆದರು. ಕಾರ್ಬೆಟ್ ಇಲ್ಲೇ ಹುಟ್ಟಿದವನು, ಬ್ಯಾಂಕಿನಲ್ಲಿ ಗುಮಾಸ್ತ ಆಗಿದ್ದ, ಒಲಿಂಪಿಕ್ ಕ್ಲಬ್ಬಿನಲ್ಲಿ ಕಲಿತ. ಅವನ ಎದುರಾಳಿ ಜೋ ಚೊಯಿನ್ಸ್ಕಿ ಕೂಡ ಈ ಊರಿನವನೇ. 1889ರಲ್ಲಿ ಇಬ್ಬರೂ ಹೊಡೆದಾಡಲು ಹೋದಾಗ ಶೆರಿಫ್ ಬಂದು ನಿಲ್ಲಿಸಿದ. ಕೆಲವು ದಿನ ಬಿಟ್ಟು ಬೆನೀಷಿಯಾ ಹತ್ತಿರ ನೀರಿನ ಮೇಲೆ, ಒಂದು ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ದೋಣಿ) ಮೇಲೆ ನಿಂತು ಆಡಿದರು. 27 ಸುತ್ತಿಗೆ ಕಾರ್ಬೆಟ್ ಗೆದ್ದ. ನೋಡಿ, ಆಗಲೂ ಗಡಿ ದಾಟುವುದೇ ದಾರಿ. ಭೂಮಿಯ ಮೇಲೆ ಬಿಡದಿದ್ದರೆ ನೀರಿನ ಮೇಲೆ.

ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೆ ದುಡಿಯುವ ಜನರ ಕೇರಿಗಳಿದ್ದವು. ಐರಿಷ್, ಜರ್ಮನ್, ಯಹೂದಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಏಬ್ ಅಟೆಲ್ ಅಲ್ಲೇ ಬೆಳೆದ ಹುಡುಗ. ಯಹೂದಿ ಮನೆಯವನು, ಬೀದಿ ಜಗಳದಲ್ಲೇ ಕೈ ಪಳಗಿತು. ಫೆದರ್‌ವೇಟ್ ಚಾಂಪಿಯನ್ ಆಗಿ 1912ರವರೆಗೂ ಪಟ್ಟ ಬಿಡಲಿಲ್ಲ. ಸ್ಯಾಮ್ ಬರ್ಗರ್ 1904ರ ಒಲಿಂಪಿಕ್ಸ್‌ನಲ್ಲಿ ಹೆವಿವೇಟ್ ಚಿನ್ನ ಗೆದ್ದ. ವಿಲ್ಲಿ ರಿಚಿ 1912ರ ಥ್ಯಾಂಕ್ಸ್‌ಗಿವಿಂಗ್ ದಿನ ಡೇಲಿ ಸಿಟಿಯಲ್ಲೇ ಲೈಟ್‌ವೇಟ್ ಪಟ್ಟ ಗೆದ್ದ. ವೋಲ್ಗಾಸ್ಟ್ 16ನೇ ಸುತ್ತಿನಲ್ಲಿ ಫೌಲ್ ಮಾಡಿ ಸೋತ. ರಿಚಿಯ ನಿಜವಾದ ಹೆಸರು ಗೆರ್ಹಾರ್ಟ್ ಸ್ಟೆಫನ್.

ತುಂಗಾತೀರ

ಬರೆಯುವವರ ಗುಂಪೂ ಇತ್ತು. ಬ್ರಿಟ್–ನೆಲ್ಸನ್ ಪಂದ್ಯದ ವರದಿಯನ್ನು ಎಕ್ಸಾಮಿನರ್ ಪತ್ರಿಕೆಗೆ ಬರೆದವನು ಜ್ಯಾಕ್ ಲಂಡನ್. ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ ಇದೇ ಊರಲ್ಲಿ ಹುಟ್ಟಿದವನು. ಎಂಜಿನಿಯರಿಂಗ್ ಓದಿ ಊರಿನ ನೀರು ಮತ್ತು ಚರಂಡಿ ಇಲಾಖೆಯಲ್ಲಿ ಕೆಲವು ತಿಂಗಳು ಕೆಲಸ ಮಾಡಿ, ಬಿಟ್ಟು ಬಂದು ಪತ್ರಿಕೆಗೆ ಕ್ರೀಡಾ ಚಿತ್ರ ಬರೆಯಲು ಶುರು ಮಾಡಿದ. ನಮ್ಮ ಎಂಜಿನಿಯರ್ ಹುಡುಗರು ಇದನ್ನು ಓದಲಿ ಅಂತ ಬರೆದೆ.

ಡೇಲಿಸಿಟಿ_ಕನ್ನಡಿಗ

ಹಾಗಾದರೆ ಎಲ್ಲಾ ಮುಗಿದದ್ದು ಯಾವಾಗ? ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ.

ಹಳೇಪತ್ರಿಕೆ

1914ರ ನವೆಂಬರ್. ರಾಜ್ಯದ ಮತದಾರರೇ ಮತ ಹಾಕಿ ಪ್ರೈಜ್ ಫೈಟ್ ನಿಲ್ಲಿಸಿದರು. ಹಿಂದಿನ ವರ್ಷ ಲಾಸ್ ಏಂಜಲೀಸ್ ಪಕ್ಕದ ವರ್ನನ್‌ನಲ್ಲಿ ಜೆಸ್ ವಿಲ್ಲಾರ್ಡ್ ಹೊಡೆತಕ್ಕೆ ಬುಲ್ ಯಂಗ್ ಎಂಬ ಬಾಕ್ಸರ್ ಸತ್ತಿದ್ದ. ಹೆಂಗಸರಿಗೆ 1911ರಲ್ಲಿ ಮತದ ಹಕ್ಕು ಬಂದಿತ್ತು, ಅವರಲ್ಲಿ ಬಹಳ ಜನ ಈ ಆಟದ ವಿರುದ್ಧ ನಿಂತರು. ಉಳಿದದ್ದು 4 ಸುತ್ತಿನ ಹವ್ಯಾಸಿ ಪಂದ್ಯ, 25 ಡಾಲರಿಗಿಂತ ಜಾಸ್ತಿ ಬೆಲೆಯ ಬಹುಮಾನ ಇಲ್ಲ. 45 ಸುತ್ತಿನ ಊರಿಗೆ 4 ಸುತ್ತು! ಕಾಫ್ರಾತ್ ಮತ್ತೆ ಗಡಿಯನ್ನೇ ನಂಬಿದ, ಈ ಸಲ ದೇಶದ ಗಡಿ. ಮೆಕ್ಸಿಕೋದ ಟಿಹ್ವಾನಾದಲ್ಲಿ 1916ರ ಜನವರಿ 1ರಂದು ಕುದುರೆ ರೇಸಿನ ಮೈದಾನ ತೆರೆದ.

ಗರಡಿಮನೆ

4 ಸುತ್ತಿನ ಕಾಲವನ್ನು ಅಷ್ಟು ಬೇಗ ಮುಗಿಸಬೇಡಿ ಅಣ್ಣ. ಅದೂ ಒಂದು ಶಾಲೆ. 4 ಸುತ್ತಿನಲ್ಲಿ ಉಸಿರು ಉಳಿಸಿಕೊಳ್ಳುವ ಮಾತೇ ಇಲ್ಲ, ಗಂಟೆ ಹೊಡೆದ ಕ್ಷಣದಿಂದ ಬೀಸಬೇಕು. ಜ್ಯಾಕ್ ಡೆಂಪ್ಸಿ ಚಾಂಪಿಯನ್ ಆಗುವ ಮೊದಲು ಈ ಕೊಲ್ಲಿಯ ಊರುಗಳಲ್ಲಿ ಇಂಥ ಪಂದ್ಯ ಆಡಿದ. 1918ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಲ್ಲಿ ಮೀಹನ್ ಅವನನ್ನು 4 ಸುತ್ತಿನಲ್ಲಿ ಸೋಲಿಸಿದ. ಮೀಹನ್ ದುಂಡು ಮೈಯವನು, ನೋಡಿದರೆ ಬಾಕ್ಸರ್ ಅನ್ನಿಸುವುದಿಲ್ಲ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹತ್ತು ತಿಂಗಳಿಗೆ ಡೆಂಪ್ಸಿ ವಿಶ್ವ ಚಾಂಪಿಯನ್. 20 ಸುತ್ತಿನ ಪಂದ್ಯ ಆಗಿದ್ದರೆ ಮೀಹನ್ ಗೆಲ್ಲುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಸುತ್ತು ಕಡಿಮೆ ಆದಾಗ ಬೇರೆ ಥರದ ಮನುಷ್ಯ ಗೆಲ್ಲುತ್ತಾನೆ.

1924ರಲ್ಲಿ ಮತ್ತೆ ಮತ ಹಾಕಿ ಬಾಕ್ಸಿಂಗ್ ವಾಪಸ್ ತಂದರು, ಈ ಸಲ ರಾಜ್ಯದ ಆಯೋಗದ ಕೈಕೆಳಗೆ. ಮೇಲೆ ಹೇಳಿದ ವಿಲ್ಲಿ ರಿಚಿ ಮುಂದೆ ಎಷ್ಟೋ ವರ್ಷ ಅದೇ ಆಯೋಗದ ಇನ್‌ಸ್ಪೆಕ್ಟರ್ ಆಗಿ ಕೆಲಸ ಮಾಡಿದ.

ಡೇಲಿಸಿಟಿ_ಕನ್ನಡಿಗ

ಇವತ್ತು ಸಂಜೆ ಆಫೀಸ್ ಮುಗಿಸಿ 14ನೇ ನಂಬರ್ ಬಸ್ಸಿನಲ್ಲಿ ಮಿಷನ್ ಸ್ಟ್ರೀಟಿನ ಕೊನೆಯವರೆಗೂ ಬಂದೆ. ಆ ಟ್ರಾಮಿನ ದಾರಿಯಲ್ಲೇ. ಇಳಿದು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಮಂಜು ಇಳಿಯುತ್ತಿತ್ತು. ಕಾರು, ಅಂಗಡಿ, ಮನೆಗೆ ಓಡುವ ಜನ. ಜಾನ್ಸನ್ ಬಿದ್ದು ಎದ್ದ ನೆಲ ಇಲ್ಲೇ ಎಲ್ಲೋ ಇದೆ ಎಂದು ಗೊತ್ತಾದ ಮೇಲೆ ಆ ಬೀದಿಯೇ ಬೇರೆ ಥರ ಕಾಣುತ್ತದೆ.

ಒಂದು ಯೋಚನೆ. ಬರುವ ಶನಿವಾರ ಎಲ್ಲರೂ ಸೇರಿ ಒಂದು ನಡಿಗೆ ಮಾಡೋಣವಾ? ಗ್ರೋವ್ ಸ್ಟ್ರೀಟಿನಿಂದ ಶುರು ಮಾಡಿ, ಬಸ್ಸಿನಲ್ಲಿ ಡೇಲಿ ಸಿಟಿ, ಅಲ್ಲಿಂದ ಕೋಲ್ಮಾ.

ತುಂಗಾತೀರ

ಖಂಡಿತ ಬರ್ತೀನಿ! ಕೋಲ್ಮಾದಲ್ಲಿ ವ್ಯಾಟ್ ಅರ್ಪ್ ಸಮಾಧಿ ನೋಡಲೇಬೇಕು. 1929ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸತ್ತ. ಹೆಂಡತಿ ಜೋಸೆಫೀನ್ ಸ್ಯಾನ್ ಫ್ರಾನ್ಸಿಸ್ಕೋದ ಯಹೂದಿ ಮನೆಯವಳು. ಅವನ ಬೂದಿಯನ್ನು ತಂದು ತನ್ನ ಮನೆಯವರ ಜಾಗದಲ್ಲಿ, ಹಿಲ್ಸ್ ಆಫ್ ಇಟರ್ನಿಟಿ ಸ್ಮಶಾನದಲ್ಲಿ ಇಟ್ಟಳು. ಆದರೆ ಅದು ಯಹೂದಿಗಳ ಸ್ಮಶಾನ, ಶನಿವಾರ ಬಾಗಿಲು ಹಾಕಿರುತ್ತದೆ. ಭಾನುವಾರ ಇಟ್ಟುಕೊಳ್ಳೋಣ.

ಗರಡಿಮನೆ

ಭಾನುವಾರ ಬೆಳಿಗ್ಗೆ 10ಕ್ಕೆ ನಾನು ಗ್ರೋವ್ ಸ್ಟ್ರೀಟಿನಲ್ಲಿ ಇರುತ್ತೇನೆ. ಮಗನನ್ನೂ ಕರೆತರುತ್ತೇನೆ. ಎಲ್ಲರೂ ಸ್ವೆಟರ್ ತನ್ನಿ, ಕೋಲ್ಮಾ ಗಾಳಿ ಚಳಿ ಜಾಸ್ತಿ.